ಮುಂದಿನ ತಿಂಗಳು ಬಾಮ್ಮ

ಕತ್ತರಿ ಒಂದು ಕ್ಷಣ ನಿಂತಿತೋ ಇಲ್ಲವೋ, ಈಗ ಖಚಿತವಾಗಿ ಹೇಳಲಾರೆ. ನಿಂತಿತು ಎಂದೇ ನೆನಪು. ಆದರೆ ಆ ನೆನಪು ಮೊದಲಿನಿಂದಲೂ ನನ್ನಲ್ಲಿ ಇತ್ತೋ, ಅವರನ್ನು ಮಣ್ಣು ಮಾಡಿದ ದಿನ ಕೇಳಿದ ಒಂದು ಮಾತಿನಿಂದ ಹುಟ್ಟಿ ಹಿಂದಕ್ಕೆ ಹೋಗಿ ಕೂತುಕೊಂಡಿತೋ, ತಿಳಿಯದು. ಇನ್ನೂ ಕೆಲವು ವಿವರಗಳು ತಪ್ಪಿರಬಹುದು. ಚಪ್ಪರದ ಕೆಳಗಿನ ಕಲ್ಲು ಉದ್ದವಾಗಿತ್ತೋ ಚೌಕವಾಗಿತ್ತೋ, ನಾನು ಮೊದಲ ಸಲ ಹೋದದ್ದು ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲೋ ಅದಕ್ಕೆ ಮುಂಚೆಯೋ, ಹೇಳಲಾರೆ. ಕಾಲೇಜಿನ ದಿನಗಳಿಂದಲೂ ಡೈರಿ ಬರೆಯುವ ಅಭ್ಯಾಸ ನನಗಿದೆ. ಅವರ ವಿಷಯಕ್ಕೆ ಬಂದರೆ ಮಾತ್ರ ಆ ಡೈರಿಗಳಲ್ಲಿ "ದೇವನಹಳ್ಳಿ ಕಡೆ ಹೋಗಿಬಂದೆ" ಎನ್ನುವುದಕ್ಕಿಂತ ಹೆಚ್ಚು ಏನೂ ಇಲ್ಲ. ಅದಕ್ಕೆ ಕಾರಣವೂ ಅವರೇ.

ಅವರು ಪಾದ್ರಿಗಳು. ನಮ್ಮ ಕಡೆಯ ಕ್ರೈಸ್ತ ಮನೆಗಳಲ್ಲಿ ಪಾದ್ರಿಗಳನ್ನು ಸ್ವಾಮಿಗಳು ಎನ್ನುತ್ತೇವೆ. ನಾನೂ ಇಲ್ಲಿ ಹಾಗೆಯೇ ಬರೆಯುತ್ತೇನೆ. ಹೆಸರು ಬರೆಯುವುದಿಲ್ಲ, ಅವರಿಗೆ ಅದು ಇಷ್ಟವಾಗುತ್ತಿರಲಿಲ್ಲ. ದೇವನಹಳ್ಳಿಯಲ್ಲಿ ಬಸ್ಸು ಬದಲಾಯಿಸಿ, ಆವತಿ ಬೆಟ್ಟ ಕಾಣುವಷ್ಟು ದೂರ ಹೋಗಿ ಇಳಿದರೆ ಅವರ ದೇವಾಲಯ. ಹೆಂಚಿನ ಮಾಡು, ಒಂದೇ ಗಂಟೆ, ಹಿಂದೆ ಅವರ ಎರಡು ಕೋಣೆಯ ಮನೆ, ಅದರ ಹಿಂದೆ ದ್ರಾಕ್ಷಿ ಚಪ್ಪರ. ಹಿಂದೆ ಯಾವುದೋ ಕಾಲದಲ್ಲಿ ಇದ್ದ ಫ್ರೆಂಚ್ ಸ್ವಾಮಿಯೊಬ್ಬರು ಆ ಬಳ್ಳಿಗಳನ್ನು ನೆಟ್ಟರಂತೆ. ಇವರು ಅದನ್ನು ಮಕ್ಕಳಂತೆ ನೋಡಿಕೊಳ್ಳುತ್ತಿದ್ದರು ಎಂದು ಬರೆಯಲು ಹೊರಟಿದ್ದೆ, ಆದರೆ ಅದು ಸುಳ್ಳಾಗುತ್ತದೆ. ಅವರು ಬಳ್ಳಿಗಳನ್ನು ಬೈಯುತ್ತಿದ್ದರು. ಹಕ್ಕಿಗಳನ್ನು ಇನ್ನೂ ಹೆಚ್ಚು ಬೈಯುತ್ತಿದ್ದರು. ಬಳ್ಳಿಗೆ ರೋಗ ಬರದಿರಲಿ ಎಂದು ಮೈಲುತುತ್ತ ಸುಣ್ಣ ಕಲಸಿ ಹೊಡೆದೂ ಹೊಡೆದೂ ಅವರ ಬಿಳಿ ನಿಲುವಂಗಿಯ ತುಂಬ ನೀಲಿ ಕಲೆಗಳಾಗಿದ್ದವು. ಪೂಜೆಗೆ ನಿಂತಾಗ ಪೂಜಾವಸ್ತ್ರದ ಅಂಚಿನ ಕೆಳಗಿನಿಂದಲೂ ಆ ನೀಲಿ ಇಣುಕುತ್ತಿತ್ತು.

ನಾನು ಅವರ ಬಳಿಗೆ ಹೋದದ್ದು ಒಂದು ಹರಕೆಯ ಕಾರಣಕ್ಕೆ. ನಾನು ಹಸುಗೂಸಾಗಿದ್ದಾಗ ಉಸಿರು ಸಿಕ್ಕಿಕೊಂಡು ಮೈ ನೀಲಿಗಟ್ಟಿತಂತೆ. ದೊಡ್ಡಬೆಳವಂಗಲದ ಕಡೆಯ ನಮ್ಮ ಹಳ್ಳಿಯಲ್ಲಿ ಆಗ ಡಾಕ್ಟರ್ ಎಲ್ಲಿ? ಅಮ್ಮ ದೇವಮಾತೆಯ ಪಟದ ಮುಂದೆ ನನ್ನನ್ನು ಮಲಗಿಸಿ, "ಇವಳನ್ನ ಉಳಿಸಿಕೊಡು ತಾಯಿ, ದೊಡ್ಡೋಳಾದ ಮೇಲೆ ಕನ್ಯಾಮಠಕ್ಕೆ ಕೊಟ್ಟುಬಿಡ್ತೀನಿ" ಎಂದಳಂತೆ. ನಾನು ಉಳಿದೆ. ಅಂದಿನಿಂದ ನಾನು ಕೊಟ್ಟಾಗಿದ್ದ ಮಗು. ಹಬ್ಬಕ್ಕೆ ರಿಬ್ಬನ್ನು ಕೇಳಿದರೆ ಚಿಕ್ಕಮ್ಮ, ಎಂದರೆ ಅಮ್ಮನ ತಂಗಿ, ನಗುತ್ತಾ "ನಿನಗ್ಯಾಕೇ ರಿಬ್ಬನ್ನು? ನಾಳೆ ಮುಸುಕು ಹಾಕ್ಕೊಳೋಳು" ಎನ್ನುತ್ತಿದ್ದಳು. ಎಲ್ಲರೂ ಹರಕೆಯ ಮಾತಾಡುತ್ತಿದ್ದರು, ಅಮ್ಮನೊಬ್ಬಳನ್ನು ಬಿಟ್ಟು. ಅವಳು ಒಂದು ಸಲವೂ ಆಡಿದ ನೆನಪಿಲ್ಲ. ಅದಕ್ಕೆ ಬದಲು ನನ್ನನ್ನು ಓದಿಸಿದಳು. ಅಪ್ಪ ಮೊದಲೇ ತೀರಿಹೋಗಿದ್ದರು. ನಾನು ಬೆಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಎಂ.ಎ. ಓದುತ್ತಿದ್ದಾಗ ಅಮ್ಮ ಕ್ಷಯದಿಂದ ತೀರಿಕೊಂಡಳು. ಕೊನೆಗಾಲದಲ್ಲಿ ಪಕ್ಕದಲ್ಲಿದ್ದವಳು ಚಿಕ್ಕಮ್ಮ.

ಮಣ್ಣಿಗೆ ಕೊಟ್ಟು ಬಂದ ಸಂಜೆ ಚಿಕ್ಕಮ್ಮ ನಶ್ಯದ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿದಳು. ಅವಳಿಗೆ ಆ ಚಟ ಮೊದಲಿನಿಂದಲೂ ಇತ್ತು. ಮೂಗು ಒರೆಸಿಕೊಂಡು ಹೇಳಿದಳು: "ನಿಮ್ಮಮ್ಮ ಹೆದರಿಕೊಂಡೇ ಹೋದ್ಲು ಕಣೇ. ತಾಯಿಗೆ ಕೊಟ್ಟ ಮಾತು ಉಳಿಸ್ಕೊಳ್ಳಲಿಲ್ಲ ಅಂತ. ಇನ್ನು ನಿನ್ನಿಷ್ಟ."

ಆಮೇಲೆ ದೊಡ್ಡಬಳ್ಳಾಪುರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನನಗೆ ಕೆಲಸವಾಯಿತು. ನೇಕಾರರ ಬೀದಿಯಲ್ಲಿ ಒಂದು ಕೋಣೆ. ಆಚೆಗೊಂದು ಮಗ್ಗ, ಈಚೆಗೊಂದು ಮಗ್ಗ, ಬೆಳಗಿನಿಂದ ಸಂಜೆಯವರೆಗೆ ಲಟಪಟ. ಆ ಸದ್ದಿನ ನಡುವೆ ಕೂತು ಪ್ರತಿದಿನ ಯೋಚಿಸುತ್ತಿದ್ದುದು ಒಂದೇ: ಅಮ್ಮನ ಹೆದರಿಕೆಯ ಸಾಲವನ್ನು ನಾನು ತೀರಿಸಬೇಕೇ? ನಮ್ಮೂರಿಗೆ ಬರುತ್ತಿದ್ದ ಸ್ವಾಮಿಗಳನ್ನು ಕೇಳಿದೆ. ಅವರು ಸೈಕಲ್ ಹತ್ತುವ ಅವಸರದಲ್ಲಿದ್ದರು. "ಇಂಥದಕ್ಕೆಲ್ಲ ನನಗೆ ತಾಳ್ಮೆ ಇಲ್ಲಮ್ಮ. ಆವತಿ ಹತ್ತಿರ ಒಬ್ಬರಿದಾರೆ, ಅವರ ಹತ್ತಿರ ಹೋಗು" ಎಂದರು.

ಹೋದೆ. ಸ್ವಾಮಿಗಳು ಚಪ್ಪರದ ಕೆಳಗೆ ಕತ್ತರಿ ಹಿಡಿದು ಒಣಕಲು ಬಳ್ಳಿ ಸವರುತ್ತಿದ್ದರು. ಒಳಗೆ ಕರೆಯಲಿಲ್ಲ. ಕಲ್ಲು ತೋರಿಸಿದರು. ಅಡುಗೆಯ ಅಜ್ಜಿಯನ್ನು ಕೂಗಿ ಕರೆದು, ಹತ್ತು ಮಾರು ದೂರದ ಜಗಲಿಯಲ್ಲಿ ನಮಗೆ ಎದುರಾಗಿ ಕೂರಿಸಿದರು. ಅಜ್ಜಿ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸತೊಡಗಿದಳು. ನಾನು ಅವಳ ಕಡೆ ನೋಡಿ ಹಿಂಜರಿದೆ.

"ಅವಳಿಗೆ ಕಿವಿ ಕೇಳಲ್ಲ, ಕಣ್ಣು ಕಾಣುತ್ತೆ. ನಮಗೆ ಬೇಕಾಗಿರೋದು ಅಷ್ಟೇ. ಮಾತಾಡು" ಎಂದರು.

ವಯಸ್ಸಿನ ಹೆಣ್ಣೊಬ್ಬಳು ಒಬ್ಬಳೇ ಸ್ವಾಮಿಗಳ ಹತ್ತಿರ ಬಂದು ಕೂತರೆ ಊರು ಏನನ್ನುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಅದಕ್ಕೆ ಅವರು ಕಂಡುಕೊಂಡ ದಾರಿ ಅದು. ಅಷ್ಟು ವರ್ಷಗಳಲ್ಲಿ ಒಂದು ಸಲವೂ ಅದು ತಪ್ಪಲಿಲ್ಲ. ಅಜ್ಜಿಗೆ ಜ್ವರ ಬಂದ ತಿಂಗಳು ನನ್ನನ್ನು ಗೇಟಿನಿಂದಲೇ ವಾಪಸು ಕಳಿಸಿದರು.

ನಾನು ನನ್ನ ಹಳ್ಳಿಯ ಹೆಸರು ಹೇಳಿದೆ. ಹರಕೆಯ ಕಥೆ ಹೇಳಿದೆ. ಕತ್ತರಿ ನಿಂತದ್ದು, ನಿಂತಿದ್ದರೆ, ಆಗಲೇ. ಮತ್ತೆ ಕಚಕಚ ಶುರುವಾಯಿತು.

"ಹರಕೆ ಹೊತ್ತೋರದು ಹರಕೆ. ಅದು ನಿನ್ನನ್ನ ಕಟ್ಟಲ್ಲ. ಯಾವ ಸ್ವಾಮಿನ ಕೇಳಿದ್ರೂ ಇದೇ ಹೇಳ್ತಾರೆ" ಎಂದರು.

ನಾನು ತಿಂಗಳುಗಟ್ಟಲೆ ಹೊತ್ತು ತಂದದ್ದು ಅಷ್ಟು ಬೇಗ ಮುಗಿದುಹೋಯಿತು. "ಹಾಗಾದ್ರೆ ನಾನು ಕನ್ಯಾಮಠಕ್ಕೆ ಹೋಗಬೇಕಾಗಿಲ್ಲ?"

"ಹಾಗಂತ ಯಾರು ಹೇಳಿದ್ರು? ನಿಮ್ಮಮ್ಮನಿಗೋಸ್ಕರ ಹೋಗಬೇಕಾಗಿಲ್ಲ ಅಂದೆ ಅಷ್ಟೆ. ನಿನಗೋಸ್ಕರ? ನಿನಗೇನು ಬೇಕು?"

ಉತ್ತರ ಇಲ್ಲದಾಗ ನಾನು ಅಮ್ಮನ ಹಿಂದೆ ಅಡಗುತ್ತಿದ್ದೆ. "ಅಮ್ಮ ಹೆದರಿಕೊಂಡೇ ಸತ್ತಳು ಸ್ವಾಮಿ."

"ಹೇಗೆ ಗೊತ್ತು ನಿನಗೆ?"

"ಚಿಕ್ಕಮ್ಮ ಹೇಳಿದಳು."

"ಹೂಂ" ಎಂದರು. ಬುಟ್ಟಿಗೆ ಕಡ್ಡಿಗಳನ್ನು ತುಂಬಿಕೊಳ್ಳುತ್ತಾ, "ಮುಂದಿನ ತಿಂಗಳು ಬಾಮ್ಮ" ಎಂದರು.

ಹೀಗೆ ಶುರುವಾಯಿತು. ತಿಂಗಳ ಮೊದಲ ಶನಿವಾರ, ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬಸ್ಸು. ಪಾಪನಿವೇದನೆ ಬೇರೆ, ಇದು ಬೇರೆ ಎಂದು ಅವರು ಮೊದಲೇ ಬಿಡಿಸಿ ಹೇಳಿದ್ದರು. "ಅಲ್ಲಿ ಬಿದ್ದಿದ್ದನ್ನ ಹೇಳ್ತೀಯ, ಸರ್ವೇಶ್ವರ ಎತ್ತಿ ನಿಲ್ಲಿಸ್ತಾನೆ. ಇಲ್ಲಿ ನಡೆಯೋದನ್ನ ನೋಡೋದು. ಯಾವ ಕಾಲು ಎಳೀತಾ ಇದೀಯ ಅಂತ ನಿನಗೆ ಕಾಣಲ್ಲ, ಹಿಂದೆ ಬರೋರಿಗೆ ಕಾಣುತ್ತೆ."

ಎರಡನೆಯದೋ ಮೂರನೆಯದೋ ಸಲ ನಾನು ಡೈರಿ ತೆಗೆದುಕೊಂಡು ಹೋದೆ. ತಿಂಗಳಿಡೀ ನನ್ನ ಮನಸ್ಸಿನಲ್ಲಾದದ್ದನ್ನು ಒಳ್ಳೆಯ ಕನ್ನಡದಲ್ಲಿ ಬರೆದಿದ್ದೆ. ಓದಿದೆ. ಸ್ವಾಮಿಗಳು ಕಣ್ಣು ಮುಚ್ಚಿ ಕೇಳಿದರು. ನಿದ್ದೆ ಹೋಗಿದ್ದರೋ ಏನೋ. ಮುಗಿದ ಮೇಲೆ, "ಚೆನ್ನಾಗಿ ಬರ್ದಿದೀಯ. ಯಾರಿಗೆ?" ಎಂದರು.

"ಅಂದ್ರೆ?"

"ಯಾರು ಓದಿ ಮೆಚ್ಚಲಿ ಅಂತ ಬರ್ದಿದ್ದು? ನಾನಂತೂ ಮೆಚ್ಚಿಬಿಟ್ಟೆ. ಈಗ ಮುಚ್ಚಿಡು. ಏನಾಯ್ತು ಹೇಳು."

ನಾನು ಬಾಯಿ ತೆರೆದರೆ ಏನೂ ಬರಲಿಲ್ಲ. ಅಂದಿನಿಂದ ಅವರ ವಿಷಯ ಡೈರಿಯಲ್ಲಿ ಬರೆಯುವುದನ್ನು ಬಿಟ್ಟೆ. ಆದ್ದರಿಂದ ಈಗ ನನ್ನ ಬಳಿ ಇರುವುದು ನೆನಪು ಮಾತ್ರ. ನೆನಪನ್ನು ನಂಬಬಾರದು ಎಂದು ಕಲಿಸಿದವರೂ ಅವರೇ. ನಾನು ಏನು ಹೇಳಿದರೂ ಅವರ ಪ್ರಶ್ನೆ ಒಂದೇ: ಹೇಗೆ ಗೊತ್ತು ನಿನಗೆ? ಹೆಡ್‌ಮಿಸ್ಟ್ರೆಸ್‌ಗೆ ನನ್ನ ಕಂಡರಾಗದು ಎಂದರೆ, ಹೇಗೆ ಗೊತ್ತು? ದೇವರು ನನ್ನನ್ನು ಮರೆತಿದ್ದಾನೆ ಎಂದರೆ, ಹೇಗೆ ಗೊತ್ತು? ಈ ಸಲ ಪ್ರಾರ್ಥನೆ ಬಹಳ ಚೆನ್ನಾಗಿ ಆಯಿತು ಎಂದು ಹಿಗ್ಗಿದರೂ, ಹೇಗಮ್ಮಾ ಗೊತ್ತು ನಿನಗೆ?

ಅವರನ್ನು ಜ್ಞಾನಿಗಳಂತೆ ಚಿತ್ರಿಸುವ ಆಸೆ ನನಗಿಲ್ಲ. ಪೂಜೆಯಲ್ಲಿ ಅವರು ಮಾಡುವ ಪ್ರಸಂಗ ಕೇಳಿದವರು ಆಕಳಿಸುತ್ತಿದ್ದರು. ಹಾಡುವುದಂತೂ ಬೇಡ. ಪೂಜೆ ಲ್ಯಾಟಿನ್ನಿನಿಂದ ಕನ್ನಡಕ್ಕೆ ಬಂದ ಹೊಸದರಲ್ಲಿ ಅವರು ಪದೇ ಪದೇ ತಡವರಿಸುತ್ತಿದ್ದರು. "ಲ್ಯಾಟಿನ್ನಲ್ಲಿ ತಪ್ಪಿದ್ರೆ ಸರ್ವೇಶ್ವರನಿಗೆ ಮಾತ್ರ ಗೊತ್ತಾಗ್ತಿತ್ತು, ಅವನು ಯಾರಿಗೂ ಹೇಳ್ತಿರಲಿಲ್ಲ. ಈಗ ಊರಿಗೆಲ್ಲ ಗೊತ್ತಾಗುತ್ತೆ" ಎಂದು ಗೊಣಗುತ್ತಿದ್ದರು. ದ್ರಾಕ್ಷಿ ಬಳ್ಳಿಯ ಕೆಳಗೇ ಅಷ್ಟು ವರ್ಷ ಕೂತಿದ್ದೆವಲ್ಲ, ಸುವಾರ್ತೆಯಲ್ಲಿ ಕ್ರಿಸ್ತ ಹೇಳುವ, ನಾನು ಬಳ್ಳಿ ನೀವು ಕೊಂಬೆಗಳು ಎಂಬ ಮಾತನ್ನು ಅವರು ಒಮ್ಮೆಯೂ ಎತ್ತಲಿಲ್ಲ. ಎತ್ತಬಹುದಿತ್ತು. ಹೊಳೆಯಲೇ ಇಲ್ಲವೋ ಏನೋ.

ಆದರೆ ಅವರಿಗೆ ನಾನು ಹೋದ ಸಲ ಬಿಟ್ಟ ಜಾಗ ನೆನಪಿರುತ್ತಿತ್ತು. ಅದೂ ನಾನು ದೊಡ್ಡದಾಗಿ ಹೇಳಿಕೊಂಡದ್ದಲ್ಲ, ಹೋಗುವ ಅವಸರದಲ್ಲಿ ಬಾಯಿಜಾರಿದ್ದು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಇಂಗ್ಲಿಷ್ ಟೀಚರನ್ನು ಮಕ್ಕಳು ಬಹಳ ಹಚ್ಚಿಕೊಂಡಿದ್ದರು. ಅದನ್ನು ಒಮ್ಮೆ ನಗುತ್ತಾ ಹೇಳಿದ್ದೆ. ಮುಂದಿನ ತಿಂಗಳು ನಾನು "ಸ್ತೋತ್ರ ಸ್ವಾಮಿ" ಎನ್ನುವ ಮೊದಲೇ, ಮನೆಯ ಹಿರಿಯರ ಆರೋಗ್ಯ ವಿಚಾರಿಸುವ ಹಾಗೆ ಕೇಳಿದರು: "ಏನಮ್ಮ, ಆ ಟೀಚರ್ ಮೇಲಿನ ಹೊಟ್ಟೆಕಿಚ್ಚು ಹೇಗಿದೆ? ಚೆನ್ನಾಗಿದೆಯಾ?"

ನನಗೆ ಕೋಪ ಬಂತು. ಆಮೇಲೆ ನಗು ಬಂತು. ವಾಪಸು ಬರುವಾಗ ಬಸ್ಸಿನಲ್ಲಿ ಅನಿಸಿದ್ದು ಬೇರೆಯೇ: ಅಮ್ಮ ಹೋದ ಮೇಲೆ, ನನ್ನ ಹೋದ ತಿಂಗಳು ಹೇಗಿತ್ತು ಎಂದು ಗೊತ್ತಿರುವ ಮನುಷ್ಯರು ಈ ಲೋಕದಲ್ಲಿ ಒಬ್ಬರಾದರೂ ಇದ್ದಾರೆ.

ಒಂದು ಬೇಸಿಗೆ ರಜೆಯಲ್ಲಿ ನಾನು ಬೆಂಗಳೂರಿನ ಒಂದು ಕನ್ಯಾಮಠಕ್ಕೆ ಹೋಗಿ ಕೆಲವು ದಿನ ಇದ್ದು ಬಂದೆ. ನೋಡಿಕೊಂಡು ಬರಲೆಂದು ಅವರೇ ಕಳಿಸಿದ್ದರು. ಬಂದವಳು ಸಂಭ್ರಮದಿಂದ ಹೇಳಿದೆ: ಅಲ್ಲಿಯ ಮೌನ, ಆ ಉದ್ದನೆಯ ವರಾಂಡ, ಸಂಜೆ ಕೆಂಪು ನೆಲದ ಮೇಲೆ ಬೀಳುವ ಬಿಸಿಲು, ಯಾರೂ ಯಾರನ್ನೂ ಕೂಗುವುದಿಲ್ಲ. ನನಗೆ ಕರೆ ಬಂದಿದೆ ಎನ್ನಿಸುತ್ತದೆ ಎಂದೆ.

ಅವರು ಕೇಳಿಸಿಕೊಂಡರು. "ನಿನ್ನ ಕೋಣೆ ಪಕ್ಕದಲ್ಲಿ ಮಗ್ಗ ಇದೆ ಅಂದಿದ್ದೆ, ಅಲ್ವಾ?"

"ಎರಡೂ ಕಡೆ."

"ನಿನಗೆ ಹಿಡಿಸಿದ್ದು ದೇವರಾ, ಸದ್ದಿಲ್ಲದ ವರಾಂಡಾನಾ?"

ನಾನು ಸೆರಗಿನ ತುದಿ ಸುತ್ತುತ್ತಾ ಕೂತೆ. ಜಗಲಿಯಿಂದ ಅಜ್ಜಿ, ನನ್ನ ಮುಖ ನೋಡಿ, ಊರಿಗೆಲ್ಲ ಕೇಳುವಂತೆ ಕೂಗಿದಳು: "ಆ ಮಗೂನ ಯಾಕ್ ಸ್ವಾಮಿ ಅಳಿಸ್ತೀರಾ! ಹಣ್ಣಾದ್ರೂ ಕೊಟ್ಟು ಕಳಿಸಿ!"

ಸ್ವಾಮಿಗಳು ಎದ್ದು ಒಂದು ಗೊಂಚಲು ಕತ್ತರಿಸಿ ಕೊಟ್ಟರು. ಕರಿನೀಲಿ ಹಣ್ಣು, ದಪ್ಪ ಸಿಪ್ಪೆ, ಒಳಗೆ ಹುಳಿ. "ಬೇಗ ಉತ್ತರ ಹೇಳಬೇಡ. ಮುಂದಿನ ತಿಂಗಳು ಬಾಮ್ಮ."

ಉತ್ತರ ಬರಲು ವರ್ಷಗಳು ಹಿಡಿದವು. ಕೊನೆಗೊಂದು ಶನಿವಾರ, ಯಾವ ಅಳುವೂ ಇಲ್ಲದೆ, "ನಾನು ಹೋಗಲ್ಲ ಸ್ವಾಮಿ. ಶಾಲೇಲೇ ಇರ್ತೀನಿ. ಇದು ನನಗೆ ಬೇಕಾಗಿರೋದು, ಅಮ್ಮನಿಗೆ ಎದುರಾಗಿ ಅಲ್ಲ" ಎಂದೆ. ಅವರು "ಸರಿ" ಎಂದರು. ಎದ್ದಾಗ, ಎಂದಿನಂತೆ, "ಮುಂದಿನ ತಿಂಗಳು ಬಾಮ್ಮ."

"ತೀರ್ಮಾನ ಆಯ್ತಲ್ಲ ಸ್ವಾಮಿ. ಇನ್ನೂ ಯಾಕೆ?"

"ಮದುವೆ ಆಯ್ತು ಅಂತ ಮಾರನೇ ದಿನ ಯಾರಾದ್ರೂ ಒಲೆ ಹಚ್ಚದೆ ಇರ್ತಾರೇನಮ್ಮ?"

ಅವರು ಹೇಳಿದ್ದು ನಿಜವೆಂದು ಆ ವರ್ಷವೇ ತಿಳಿಯಿತು. ನಾನು ಹೋಗುವುದಿಲ್ಲವೆಂದು ಚಿಕ್ಕಮ್ಮನಿಗೆ ಹೇಳಿದಾಗ ಅವಳು, "ಆ ಮುದಿ ಸ್ವಾಮಿ ನಿನ್ನ ತಲೆ ಕೆಡಿಸಿದ್ರು. ಸತ್ತೋಳ ಗತಿ ಏನು ಅಂತ ಯೋಚಿಸಿದ್ಯಾ?" ಎಂದು ಮುಖ ತಿರುಗಿಸಿದಳು. ಅಂದಿನಿಂದ ನನ್ನ ಪ್ರಾರ್ಥನೆ ಒಣಗಿಹೋಯಿತು. ಜಪಸರ ಹಿಡಿದರೆ ಮಣಿಗಳು ಮಾತ್ರ. ಆ ಕಾಲದಲ್ಲಿ ಅವರ ಬಳಿ ಹೇಳಲು ನನ್ನಲ್ಲಿ ಏನೂ ಇರುತ್ತಿರಲಿಲ್ಲ. ಹೋಗಿ ಕೂರುತ್ತಿದ್ದೆ. ಅವರು ಬಳ್ಳಿ ಕಟ್ಟುತ್ತಿದ್ದರು.

"ಏನೂ ಅನ್ನಿಸೋದೇ ಇಲ್ಲ ಸ್ವಾಮಿ."

"ಹಸಿವಿಲ್ಲದಿದ್ರೂ ಮುದ್ದೆ ಮುರೀತೀಯಲ್ಲ. ಹಾಗೆ ಕೂತ್ಕೋ."

"ಅಮ್ಮ ಹೆದರಿಕೊಂಡೇ ಹೋದಳು ಅನ್ನೋದು ಬಿಡ್ತಾನೇ ಇಲ್ಲ. ನಾನು ಇಲ್ಲಿ ನೆಮ್ಮದಿಯಾಗಿ ಇದ್ರೆ ಅವಳು ಅಲ್ಲಿ..."

"ಹೇಗೆ ಗೊತ್ತು ನಿನಗೆ?"

"ಚಿಕ್ಕಮ್ಮ ಹೇಳಿದಳು ಅಂದ್ನಲ್ಲ ಸ್ವಾಮಿ!" ನಾನು ಕೂಗಿಯೇಬಿಟ್ಟೆ. ಕಿವಿ ಕೇಳದ ಅಜ್ಜಿಯೂ ತಲೆ ಎತ್ತಿದಳು. ಸ್ವಾಮಿಗಳು ಎದ್ದರು. ಚಪ್ಪರದ ಕೊನೆಯವರೆಗೆ ಹೋಗಿ, ಬೆನ್ನು ತಿರುಗಿಸಿ, ಅಲ್ಲೇ ನಿಂತರು. ಹಕ್ಕಿ ಓಡಿಸಲು ಹೋದರು ಎಂದು ಆಗ ತಿಳಿದೆ. ಹಕ್ಕಿ ಇತ್ತೋ ಇಲ್ಲವೋ ನೋಡಲಿಲ್ಲ. ಹಿಂದಿರುಗಿ ಬಂದು, "ನಾನೂ ಪ್ರಾರ್ಥನೆ ಮಾಡ್ತೀನಿ" ಎಂದಷ್ಟೇ ಹೇಳಿದರು. ಅವರು ಆ ಮಾತು ಸುಲಭವಾಗಿ ಆಡುವವರಲ್ಲ.

ಅವರಿಗೂ ಹೀಗೆ ಒಬ್ಬರಿದ್ದರು. ಅದು ನನಗೆ ಗೊತ್ತಾದದ್ದು ದೇವನಹಳ್ಳಿ ಬಸ್ ನಿಲ್ದಾಣದಲ್ಲಿ. ಯಾವುದೋ ವಾರದ ದಿನ ಛತ್ರಿ, ಬಟ್ಟೆಯ ಚೀಲ ಹಿಡಿದು ಬೆಂಗಳೂರಿನ ಬಸ್ಸಿಗೆ ಕಾಯುತ್ತಿದ್ದರು. ತಮಗಿಂತ ಹಿರಿಯರಾದ ಒಬ್ಬ ಸ್ವಾಮಿಗಳ ಬಳಿ ಪ್ರತಿ ತಿಂಗಳೂ ಹೋಗುತ್ತಾರಂತೆ, ಗುರುಪಟ್ಟ ಆಗಿ ಪಾದ್ರಿಯಾದಾಗಿನಿಂದ.

"ನಿಮಗೂ ಬೇಕಾ ಸ್ವಾಮಿ?"

"ಬೇಡ್ವಾ? ಕ್ಷೌರ ಮಾಡೋನು ತನ್ನ ತಲೆ ತಾನೇ ಬೋಳಿಸ್ಕೊಳಕಾಗುತ್ತಾ?"

ಆ ಹಿರಿಯರು ತೀರಿಕೊಂಡ ಮೇಲೂ ಅವರು ಅದೇ ದಿನ ಅದೇ ಬಸ್ಸು ಹತ್ತುತ್ತಿದ್ದರು. ಅಲ್ಲಿಗೆ ಹೋಗಿ, ಆ ಮನೆಯ ಹೊರಗಿನ ಮರದ ಕೆಳಗೆ ಸ್ವಲ್ಪ ಹೊತ್ತು ಕೂತು ಬರುತ್ತಾರಂತೆ. ಇದನ್ನು ಅವರೇ ಹೇಳಿದರು, ನಾಚಿಕೆಯಿಂದ.

"ಬೇರೆ ಯಾರೂ ಸಿಗಲಿಲ್ವಾ ಸ್ವಾಮಿ?"

"ಹುಡುಕ್ತಾ ಇದೀನಿ. ಸಿಗೋವರೆಗೂ ಬಸ್ಸು ತಪ್ಪಿಸಬಾರದು ಅಂತ."

ಮುಂದೆ ಅವರ ಜಾಗಕ್ಕೆ ಯುವಕ ಸ್ವಾಮಿಯೊಬ್ಬರು ಬಂದರು. ಇವರು ಹಿಂದಿನ ಕೋಣೆಯಲ್ಲೇ ಉಳಿದರು. ಚಪ್ಪರದ ಕೆಲಸ ಕೈಬಿಟ್ಟಿತು. ಮರೆವು ಮೆಲ್ಲಗೆ ಬಂತು. ಮೊದಮೊದಲು ಅವರು ಅದನ್ನು ಮರೆಮಾಚಲು ನೋಡುತ್ತಿದ್ದರು. ಒಂದು ಸಲ ಮಾತ್ರ ನೇರವಾಗಿಯೇ ಕೇಳಿದರು: "ಹೋದ ಸಲ ಏನು ಹೇಳಿದ್ದೆ ನೀನು?" ಅಷ್ಟು ವರ್ಷಗಳಲ್ಲಿ ಅವರು ನನಗೆ ಆ ಪ್ರಶ್ನೆ ಕೇಳಿದ್ದು ಅದೇ ಮೊದಲು. ನಾನು ಹೇಳಿದೆ. ಆಮೇಲೆ ಪ್ರತಿ ತಿಂಗಳೂ ನಾನೇ ಹಿಂದಿನದನ್ನು ಹೇಳಿ, ಅವರು ಕೇಳಬಹುದಾಗಿದ್ದ ಪ್ರಶ್ನೆಯನ್ನೂ ನಾನೇ ಕೇಳಿಕೊಂಡು, ಉತ್ತರವನ್ನೂ ಹೇಳಿ ಬರುತ್ತಿದ್ದೆ. ಅವರು "ಹೂಂ, ಹೂಂ" ಎನ್ನುತ್ತಿದ್ದರು. ಬಸ್ಸಿನಲ್ಲಿ ಹಿಂದಿರುಗುವಾಗ ಹೊಲಗಳು ಕತ್ತಲಾಗುವುದನ್ನು ನೋಡುತ್ತಾ, ನನ್ನ ಹೋದ ತಿಂಗಳು ಈಗ ನನ್ನೊಬ್ಬಳದೇ ಎಂದುಕೊಳ್ಳುತ್ತಿದ್ದೆ.

ಕೊನೆಯ ಸಲ ಹೋದಾಗ ಅವರು ಗೋಡೆಗೊರಗಿ ಕೂತಿದ್ದರು. ಅಜ್ಜಿ ಬಾಗಿಲಲ್ಲಿ ಮೊರ ಇಟ್ಟುಕೊಂಡಿದ್ದಳು. ನನ್ನನ್ನು ನೋಡಿ ಅವರ ಮುಖ ಅರಳಿತು. "ಬಾಮ್ಮ. ಮಗಳು ಹೇಗಿದಾಳೆ? ಓದ್ತಾ ಇದಾಳಾ?"

ನನಗೆಲ್ಲಿಯ ಮಗಳು? ಬೇರೆ ಯಾರೋ ಎಂದುಕೊಂಡಿದ್ದಾರೆ ಎನಿಸಿತು. ತಿದ್ದಿ ಅವರನ್ನು ನೋಯಿಸುವುದು ಬೇಡವೆಂದು, "ಓದ್ತಾ ಇದಾಳೆ ಸ್ವಾಮಿ" ಎಂದೆ.

"ಅವಳ ವಿಷಯ ಹೆದರ್ಕೋಬೇಡ ಅಂದಿದ್ನಲ್ಲ. ಹೋಯ್ತಾ ಹೆದರಿಕೆ?"

"ಹೋಯ್ತು ಸ್ವಾಮಿ."

ಅವರು ಸಮಾಧಾನವಾದವರಂತೆ ಕಣ್ಣು ಮುಚ್ಚಿದರು. ಮುಂದಿನ ತಿಂಗಳು ಬಾ ಎನ್ನಲಿಲ್ಲ. ಎನ್ನಲಿಲ್ಲ ಎಂದು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಬಾಗಿಲಲ್ಲಿ ನಿಂತು ಕಾದಿದ್ದೆ.

ಆ ತಿಂಗಳಲ್ಲೇ ಅವರು ಹೋದರು. ದೇವಾಲಯದ ಪಕ್ಕದಲ್ಲೇ ಮಣ್ಣು ಮಾಡಿದರು. ಜನ ಬಹಳ ಇರಲಿಲ್ಲ. ಎಲ್ಲರೂ ಹೋದ ಮೇಲೆ ನಾನು ಚಪ್ಪರದ ಕೆಳಗಿನ ಕಲ್ಲಿನ ಮೇಲೆ ಕೂತೆ. ಬಳ್ಳಿ ಸವರದೆ ಕಾಡು ಬೆಳೆದಂತೆ ಬೆಳೆದಿತ್ತು. ಅಜ್ಜಿ ಬಂದು ಪಕ್ಕದಲ್ಲಿ ಕೂತಳು. ಕೂತವಳು ನನ್ನ ಕೆನ್ನೆ ಮುಟ್ಟಿ ಹೇಳಿದಳು: "ನಿಮ್ಮಮ್ಮನೂ ಇದೇ ಕಲ್ಲಿನ ಮೇಲೆ ಕೂತಿದ್ಲು ಕಣವ್ವ."

ನಾನು ಬೆಚ್ಚಿದೆ. ಅವಳ ಕಿವಿಯ ಹತ್ತಿರ ಬಾಗಿ ಕೂಗಿದೆ, "ಯಾರು? ಹೇಗೆ ಗೊತ್ತು ನಿನಗೆ?"

"ಮೂಗು ನೋಡಿದ್ರೆ ಗೊತ್ತಾಗಲ್ವಾ? ಒಂದೇ ಅಚ್ಚು. ಬಲು ಕೆಮ್ಮೋಳು ಪಾಪ. ಒಂದ್ಸಲ ಬಂದಿದ್ಲು. ಜೊತೇಲಿ ಇನ್ನೊಬ್ಳು ಇದ್ಲು. ನನ್ನ ಪಕ್ಕದಾಗೆ ಜಗಲಿ ಮ್ಯಾಲೆ ಕೂತು ನಶ್ಯ ಏರಿಸಿ ಏರಿಸಿ ಸೀನಿದ್ದೇ ಸೀನಿದ್ದು. ನನ್ನ ಅಕ್ಕಿಗೆಲ್ಲ ಸೀನಿಬಿಟ್ಲು."

"ಅಮ್ಮ ಏನು ಮಾತಾಡಿದಳು?"

"ನನಗೆಲ್ಲಿ ಕೇಳುತ್ತೆ? ಬಂದಾಗ ಅಳ್ತಿದ್ಲು. ಹೋಗುವಾಗ ಸೆರಗು ಬಾಯಿಗಡ್ಡ ಹಿಡ್ಕೊಂಡಿದ್ಲು. ನಗ್ತಿದ್ಲೋ ಅಳ್ತಿದ್ಲೋ ಗೊತ್ತಾಗಲಿಲ್ಲ."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಜ್ಜಿ?"

"ಈ ಕಲ್ಲಿನ ಮ್ಯಾಲೆ ಯಾರು ಕೂತ್ರು ಅಂತ ಯಾರಿಗೂ ಹೇಳಕೂಡದು ಅಂತ ಸ್ವಾಮಿಗಳ ಕಟ್ಟಪ್ಪಣೆ. ಈಗ ಅವರೇ ಇಲ್ವಲ್ಲ" ಎಂದು ಅಜ್ಜಿ ಅತ್ತಳು.

ಪಾಪನಿವೇದನೆಯಲ್ಲಿ ಕೇಳಿದ್ದನ್ನು ಸ್ವಾಮಿಗಳಾದವರು ಪ್ರಾಣ ಹೋದರೂ ಆಡುವಂತಿಲ್ಲ. ಸನ್ನೆಯಲ್ಲೂ ತೋರಿಸುವಂತಿಲ್ಲ. ಅಮ್ಮ ಬಂದಿದ್ದು ಅದಕ್ಕೇ ಆಗಿದ್ದರೆ, ನಾನು ಮತ್ತೆ ಮತ್ತೆ "ಅಮ್ಮ ಹೆದರಿಕೊಂಡೇ ಹೋದಳು" ಎನ್ನುವಾಗ, ಅವರು ಉತ್ತರವನ್ನು ಬಾಯಲ್ಲಿಟ್ಟುಕೊಂಡೇ ನನ್ನ ಎದುರು ಕೂತಿದ್ದರು. ಕೇಳಬಹುದಾಗಿದ್ದ ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದರು. ಕೊನೆಯ ಸಲ ಮಗಳನ್ನು ವಿಚಾರಿಸಿದಾಗ ಅವರು ನನ್ನಲ್ಲಿ ಕಂಡದ್ದು ಅಮ್ಮನನ್ನೇ. ಅಥವಾ ಇದೆಲ್ಲ ನಾನು ಹೆಣೆದುಕೊಂಡದ್ದು. ಆ ಪ್ರಶ್ನೆಯನ್ನು ಅವರು ಎಲ್ಲದಕ್ಕೂ ಕೇಳುತ್ತಿದ್ದರು. ಕೆಮ್ಮುವ ಹೆಂಗಸರು, ನಶ್ಯ ಹಾಕುವ ತಂಗಿಯರು ಈ ಸೀಮೆಯಲ್ಲಿ ಕಡಿಮೆಯೇ? ಮಗಳ ಚಿಂತೆ ಹೊತ್ತ ಎಷ್ಟು ತಾಯಂದಿರು ಅವರ ಬಳಿಗೆ ಬಂದಿರಬೇಕು. ಹೇಗೆ ಗೊತ್ತು ನನಗೆ?

ಮೊದಲ ಶನಿವಾರ ಬಂದಾಗ ಕಾಲು ತಾನಾಗಿ ಬಸ್ ನಿಲ್ದಾಣಕ್ಕೆ ನಡೆಯಿತು. ದೇವನಹಳ್ಳಿಯ ಬಸ್ಸು ನಿಂತಿತ್ತು. ನಾನು ದೊಡ್ಡಬೆಳವಂಗಲದ ಕಡೆಯ ಬಸ್ಸು ಹತ್ತಿದೆ.

ಚಿಕ್ಕಮ್ಮ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಬಹಳ ಮುದುಕಿಯಾಗಿದ್ದಾಳೆ. ಪಕ್ಕದಲ್ಲಿ ಕೂತು ನಾನೂ ಸುಲಿದೆ. ಸ್ವಾಮಿಗಳು ಹೋದರು ಎಂದೆ. "ಹೂಂ, ಕೇಳ್ದೆ" ಎಂದಳು. ಅಮ್ಮನ ಜೊತೆ ಅಲ್ಲಿಗೆ ಹೋಗಿದ್ದೆಯಾ ಎಂದು ಕೇಳಿದೆ. ಅವಳ ಕೈ ನಿಂತಿತು. ಇದಂತೂ ನಿಂತಿತು, ನಾನು ನೋಡಿದೆ.

"ಹೋಗಿದ್ವಿ. ಏನೀಗ? ನೀನು ಬೆಂಗಳೂರಾಗಿದ್ದೆ. ಉಸಿರಿಲ್ಲ ಅವಳಿಗೆ, ಎರಡು ಬಸ್ಸು ಬದಲಾಯಿಸ್ಕೊಂಡು ಹೊರಟ್ಲು. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡ್ಲು. ನಾನು ಜಗಲಿ ಮೇಲೆ ಆ ಕಿವುಡಿ ಜೊತೆ ಕೂತಿದ್ದೆ. ನನಗೇನು ಕೇಳಿಸುತ್ತೆ?"

"ವಾಪಸ್ ಬರ್ತಾ ಇಬ್ಬರೇ ಇದ್ರಲ್ಲ ಚಿಕ್ಕಮ್ಮ, ಬಸ್ಸಲ್ಲಿ."

ಅವಳು ಸೊಂಟದಿಂದ ಡಬ್ಬಿ ತೆಗೆದಳು. ಒಂದು ಚಿಟಿಕೆ ನಶ್ಯ ಬೆರಳಲ್ಲಿ ಹಿಡಿದಳು. ಮೂಗಿಗೆ ಏರಿಸಲಿಲ್ಲ. ನಾನು ಮೆಲ್ಲಗೆ ಕೇಳಿದೆ. ಅವಳು ಬೀದಿಯ ಕಡೆ ನೋಡುತ್ತಾ ಕೂತಳು. ಬಸ್ಸಿನ ಹೊತ್ತಾದಾಗ, "ಅವರೆಕಾಳು ಕಟ್ಟಿಕೊಡ್ತೀನಿ, ತಗೊಂಡ್ಹೋಗು" ಎಂದು ಒಳಗೆ ಹೋದಳು. ಹೊಸಿಲ ಮೇಲೆ ನಶ್ಯ ಉದುರಿತ್ತು.

ಈಗ ಪ್ರತಿ ತಿಂಗಳ ಮೊದಲ ಶನಿವಾರ ಆ ಬಸ್ಸು ಹತ್ತುತ್ತೇನೆ. ಹೋದ ತಿಂಗಳೂ ಹೋಗಿದ್ದೆ. ಪಕ್ಕದಲ್ಲಿ ಕೂರುತ್ತೇನೆ, ಅವಳ ಕೈಕೆಲಸಕ್ಕೆ ಕೈ ಹಾಕುತ್ತೇನೆ, ಒತ್ತಾಯ ಮಾಡುವುದಿಲ್ಲ. ಮೊದಲ ದಿನ ಕೇಳಿದ್ದು ನಮ್ಮಿಬ್ಬರ ನಡುವೆ ಹಾಗೆಯೇ ಇದೆ:

"ಹೇಳು ಚಿಕ್ಕಮ್ಮ, ಅವತ್ತು ಬಸ್ಸಲ್ಲಿ ಬರುವಾಗ ಅಮ್ಮನ ಹೆದರಿಕೆ ಹೋಗಿತ್ತಾ?"